ಕಿರುತೆರೆಗೆ ಪ್ರಶ್ನಿಸಲು ಕಲಿಸಿದ ಎಡ್ವರ್ಡ್ ಮರೋ

ಅಂದು 1954ರ ಮಾರ್ಚ್ 9, ಮಂಗಳವಾರ. ರಾತ್ರಿ ಹತ್ತೂವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 'ಸೀ ಇಟ್ ನೌ' ಕಾರ್ಯಕ್ರಮ ಆರಂಭವಾಯಿತು. ದೇಶವೇ ಹೆದರುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿ ಅವರ ಭಾಷಣ ಮತ್ತು ವಿಚಾರಣೆಗಳ ತುಣುಕುಗಳನ್ನೇ ಒಂದರ ಹಿಂದೊಂದರಂತೆ ತೋರಿಸಿ, ಅವುಗಳಲ್ಲಿದ್ದ ಅರ್ಧಸತ್ಯಗಳನ್ನು ನಿರೂಪಕರು ಅರ್ಧ ಗಂಟೆಯಲ್ಲಿ ಬಯಲಿಗೆಳೆದರು. ಕಂಡಕಂಡವರಿಗೆಲ್ಲ ಕಮ್ಯುನಿಸ್ಟ್ ಹಣೆಪಟ್ಟಿ ಹಚ್ಚಿ ಬದುಕು ಕೆಡಿಸುತ್ತಿದ್ದ ರಾಜಕಾರಣಿಯ ವಿರುದ್ಧ ಅವರದೇ ಮಾತು ಸಾಕ್ಷಿಯಾಗಿ ನಿಂತಿತು. ಆ ನಿರೂಪಕರೇ ಎಡ್ವರ್ಡ್ ಆರ್. ಮರೋ.

ಮರೋ ಹುಟ್ಟಿದ್ದು 1908ರ ಏಪ್ರಿಲ್ 25ರಂದು, ಉತ್ತರ ಕೆರೊಲಿನಾದ ಕ್ವೇಕರ್ ಪಂಥದ ರೈತ ಕುಟುಂಬವೊಂದರಲ್ಲಿ. ಬಾಲ್ಯದಲ್ಲೇ ಕುಟುಂಬ ದೇಶದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯಕ್ಕೆ ವಲಸೆ ಹೋಯಿತು. ಮರ ಕಡಿಯುವ ಶಿಬಿರಗಳಲ್ಲಿ ದುಡಿದ ಹುಡುಗ 1930ರಲ್ಲಿ ಪದವೀಧರನಾದ. ಹಿಟ್ಲರನ ಜರ್ಮನಿಯಿಂದ ಹೊರದಬ್ಬಿಸಿಕೊಂಡ ವಿದ್ವಾಂಸರಿಗೆ ಅಮೆರಿಕದಲ್ಲಿ ನೆಲೆ ಕಲ್ಪಿಸುವ ಸಮಿತಿಯಲ್ಲಿ ಕೆಲಸ ಮಾಡಿದ ಮರೋ, 1935ರಲ್ಲಿ ಸಿಬಿಎಸ್ ಸೇರಿದರು. ಎರಡು ವರ್ಷಗಳ ಬಳಿಕ ಸಂಸ್ಥೆ ಅವರನ್ನು ಲಂಡನ್ನಿಗೆ ಕಳುಹಿಸಿತು.

ಅಲ್ಲಿ ಅವರಿಗಿದ್ದ ಕೆಲಸ ಬಾನುಲಿ ಭಾಷಣಗಳನ್ನು ಏರ್ಪಡಿಸುವುದಷ್ಟೇ. ಆದರೆ 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಕಬಳಿಸಿದಾಗ ಮರೋ ವಿಯೆನ್ನಾಗೆ ಧಾವಿಸಿ ಸ್ವತಃ ವರದಿ ಮಾಡಿದರು. 1940ರಲ್ಲಿ ಲಂಡನ್ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಕಟ್ಟಡದ ತಾರಸಿಯ ಮೇಲೆ ನಿಂತು, ಕಂಡದ್ದನ್ನು ಕಂಡಂತೆಯೇ ಅಮೆರಿಕನ್ನರಿಗೆ ತಲುಪಿಸಿದರು. 1945ರ ಏಪ್ರಿಲ್‌ನಲ್ಲಿ ಬುಕೆನ್‌ವಾಲ್ಡ್ ಯಾತನಾ ಶಿಬಿರದ ಭೀಕರತೆಯನ್ನು ವಿವರಿಸಿದವರೂ ಅವರೇ.

ಕಿರುತೆರೆಯಲ್ಲಿ ಹೊಸ ಹಾದಿ

ನಿರ್ಮಾಪಕ ಫ್ರೆಡ್ ಫ್ರೆಂಡ್ಲಿ ಜೊತೆಗೂಡಿ 1951ರ ನವೆಂಬರ್ 18ರಂದು ಮರೋ 'ಸೀ ಇಟ್ ನೌ' ಆರಂಭಿಸಿದರು. ಟೆಲಿವಿಷನ್ ಎಂದರೆ ಹಾಡು, ಹಾಸ್ಯ, ಕ್ರೀಡೆ ಎಂದೇ ಜನ ಭಾವಿಸಿದ್ದ ಕಾಲವದು. ಸುದ್ದಿಯ ಬೆನ್ನು ಹತ್ತಿ ಅದರ ಕಾರಣ ಶೋಧಿಸುವ ವಾರದ ಕಾರ್ಯಕ್ರಮ ಅಂದಿಗೆ ಹೊಸತು.

1953ರ ಅಕ್ಟೋಬರ್ 20ರಂದು ಮೈಲೋ ರಾಡುಲೊವಿಚ್ ಎಂಬ ವಾಯುಪಡೆಯ ಮೀಸಲು ಅಧಿಕಾರಿಯ ಕಥೆಯನ್ನು ಮರೋ ನಾಡಿನ ಮುಂದಿಟ್ಟರು. ಆತ ಯಾವ ತಪ್ಪನ್ನೂ ಮಾಡಿರಲಿಲ್ಲ. ತಂದೆ ಮತ್ತು ಸಹೋದರಿಯ ರಾಜಕೀಯ ಒಲವಿನ ಕುರಿತಾದ ಶಂಕೆಯೇ ಆತನ ಹುದ್ದೆಗೆ ಮುಳುವಾಗಿತ್ತು. ಸಾಕ್ಷ್ಯವೆಂದು ಹೇಳಲಾದ ಮುಚ್ಚಿದ ಲಕೋಟೆಯನ್ನು ವಿಚಾರಣೆಯಲ್ಲಿ ತೆರೆಯಲೇ ಇಲ್ಲ. ಕಾರ್ಯಕ್ರಮ ಪ್ರಸಾರವಾದ ಐದೇ ವಾರಗಳಲ್ಲಿ ವಾಯುಪಡೆ ತನ್ನ ನಿರ್ಧಾರವನ್ನು ಹಿಂದೆಗೆದುಕೊಂಡಿತು.

ಮೆಕಾರ್ಥಿ ಕುರಿತ ಸಂಚಿಕೆಗೆ ಪತ್ರಿಕಾ ಜಾಹೀರಾತು ನೀಡಲು ಸಂಸ್ಥೆ ಮುಂದಾಗಲಿಲ್ಲ. ಮರೋ ಮತ್ತು ಫ್ರೆಂಡ್ಲಿ ತಮ್ಮ ಜೇಬಿನಿಂದಲೇ ಹಣ ತೆತ್ತರು. ಉತ್ತರಿಸಲು ಮೆಕಾರ್ಥಿ ಅವರಿಗೂ ಸಮಯ ನೀಡಲಾಯಿತು. ಏಪ್ರಿಲ್ 6ರಂದು ತೆರೆಗೆ ಬಂದ ಸೆನೆಟರ್, ಮರೋ ಅವರಿಗೇ ಕಮ್ಯುನಿಸ್ಟ್ ನಂಟು ಅಂಟಿಸಲು ಯತ್ನಿಸಿದರು. ಅದೇ ವರ್ಷದ ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಮೆಕಾರ್ಥಿ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿತು. ಈ ಪತನಕ್ಕೆ ಮರೋ ಒಬ್ಬರೇ ಕಾರಣರಲ್ಲ. ಅವರಿಗಿಂತ ಮೊದಲೇ ಹಲವು ಪತ್ರಕರ್ತರು ದನಿ ಎತ್ತಿದ್ದರು. ಟೆಲಿವಿಷನ್‌ನಲ್ಲಿ ನೇರ ಪ್ರಸಾರವಾದ ಸೇನೆ–ಮೆಕಾರ್ಥಿ ವಿಚಾರಣೆಯ ಪಾತ್ರವೂ ದೊಡ್ಡದು. ಆದರೆ ಟೆಲಿವಿಷನ್ ಅಧಿಕಾರಸ್ಥರನ್ನು ಪ್ರಶ್ನಿಸಬಲ್ಲದು ಎಂಬುದು ಆ ಮಂಗಳವಾರ ಸಾಬೀತಾಗಿತ್ತು.

ತೆತ್ತ ಬೆಲೆ

ದಿಟ್ಟತನಕ್ಕೆ ಬೆಲೆಯೂ ಇತ್ತು. 1955ರಲ್ಲಿ ಪ್ರಾಯೋಜಕ ಆಲ್ಕೋವಾ ಕಂಪನಿ ಹಿಂದೆ ಸರಿಯಿತು. ಅದೇ ವರ್ಷ ಆರಂಭವಾದ ಭಾರಿ ಬಹುಮಾನದ ರಸಪ್ರಶ್ನೆ ಕಾರ್ಯಕ್ರಮ ವಾಹಿನಿಗೆ ಹಣದ ಹೊಳೆಯನ್ನೇ ಹರಿಸಿತು. ವಾರಕ್ಕೊಮ್ಮೆ ಬರುತ್ತಿದ್ದ 'ಸೀ ಇಟ್ ನೌ' ಅಪರೂಪದ ಅತಿಥಿಯಾಯಿತು. 1958ರ ಜುಲೈನಲ್ಲಿ ಕೊನೆಯುಸಿರೆಳೆಯಿತು. ಅದೇ ಅಕ್ಟೋಬರ್ 15ರಂದು ಷಿಕಾಗೊದಲ್ಲಿ ಸುದ್ದಿ ಸಂಪಾದಕರ ಸಭೆಯಲ್ಲಿ ಮಾತನಾಡಿದ ಮರೋ, ಲಾಭದ ಬೆನ್ನು ಹತ್ತಿ ಜನರನ್ನು ವಾಸ್ತವದಿಂದ ದೂರವಿಡುತ್ತಿರುವ ವಾಹಿನಿಗಳನ್ನು ಕಟುವಾಗಿ ಟೀಕಿಸಿದರು. ತಮ್ಮ ಒಡೆಯರೊಂದಿಗಿನ ಅವರ ಸಂಬಂಧ ಮತ್ತಷ್ಟು ಹಳಸಿತು.

ಆದರೂ ಒಂದು ದೊಡ್ಡ ಕೆಲಸ ಬಾಕಿಯಿತ್ತು. 1960ರ ನವೆಂಬರ್ 25ರಂದು, ಅಮೆರಿಕನ್ನರು ಕೃತಜ್ಞತಾ ಹಬ್ಬದ ಭೋಜನ ಸವಿದ ಮರುದಿನವೇ, 'ಹಾರ್ವೆಸ್ಟ್ ಆಫ್ ಶೇಮ್' ಸಾಕ್ಷ್ಯಚಿತ್ರ ಪ್ರಸಾರವಾಯಿತು. ಆ ಊಟಕ್ಕೆ ಬೆಳೆ ಕೊಯ್ದುಕೊಟ್ಟ ವಲಸೆ ಕೂಲಿಕಾರ್ಮಿಕರ ಹಸಿವು, ಹರಕು ಬಿಡಾರ, ಶಾಲೆ ಕಾಣದ ಮಕ್ಕಳನ್ನು ಅದು ತೋರಿಸಿತು. ನಾಚಿಕೆಯ ಸುಗ್ಗಿ ಎಂಬ ಹೆಸರು ಅನ್ವರ್ಥವಾಗಿತ್ತು.

ವಿಪರ್ಯಾಸ ಕಾದಿದ್ದುದು ಅನಂತರ. 1961ರಲ್ಲಿ ಅಧ್ಯಕ್ಷ ಕೆನಡಿ ಅವರ ಕರೆಗೆ ಓಗೊಟ್ಟು ಮರೋ ಸರ್ಕಾರದ ಮಾಹಿತಿ ಸಂಸ್ಥೆಯ ಮುಖ್ಯಸ್ಥರಾದರು. ಅಮೆರಿಕದ ಹೆಸರನ್ನು ವಿದೇಶಗಳಲ್ಲಿ ಕಾಯುವುದೇ ಆ ಹುದ್ದೆಯ ಕೆಲಸ. ತಾವೇ ನಿರೂಪಿಸಿದ್ದ ಆ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಬಾರದೆಂದು ಅವರು ಬಿಬಿಸಿಯನ್ನು ಕೋರಿದರು. ಬಿಬಿಸಿ ಒಪ್ಪಲಿಲ್ಲ, ಚಿತ್ರ ಪ್ರಸಾರವಾಯಿತು. ಸಂಗತಿ ಹೊರಬಿದ್ದು ಮರೋ ಮುಜುಗರಕ್ಕೀಡಾದರು.

ಇನ್ನೊಂದು ವಿಪರ್ಯಾಸ ಪ್ರಾಣಕ್ಕೇ ಎರವಾಯಿತು. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್ ನಡುವಿನ ನಂಟನ್ನು 1955ರಷ್ಟು ಹಿಂದೆಯೇ ಎರಡು ಸಂಚಿಕೆಗಳಲ್ಲಿ ಪರಿಶೀಲಿಸಿದ್ದ ಮರೋ, ಬೆರಳುಗಳ ನಡುವಿನ ಸಿಗರೇಟನ್ನು ಬಿಡಲಿಲ್ಲ. 1963ರಲ್ಲಿ ಅವರ ಒಂದು ಶ್ವಾಸಕೋಶವನ್ನು ತೆಗೆಯಬೇಕಾಯಿತು. 1965ರ ಏಪ್ರಿಲ್ 27ರಂದು, 57ನೇ ಹುಟ್ಟುಹಬ್ಬದ ಎರಡು ದಿನಗಳ ನಂತರ, ಅವರು ನಿಧನರಾದರು.

ಮರೋ ದೋಷರಹಿತರಾಗಿರಲಿಲ್ಲ. ಅಧಿಕಾರದ ಕುರ್ಚಿ ಸತ್ಯಶೋಧಕನನ್ನೂ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಅವರ ಬದುಕೇ ನಿದರ್ಶನ. ಆದರೆ ಪ್ರಾಯೋಜಕರ ಮುನಿಸು, ಒಡೆಯರ ಅಸಮಾಧಾನಗಳ ನಡುವೆಯೂ ಕಡತಗಳನ್ನು ಕೆದಕಿ, ಸಂತ್ರಸ್ತರ ಮನೆಬಾಗಿಲಿಗೆ ಹೋಗಿ, ಆರೋಪಿತರಿಗೂ ಉತ್ತರಿಸಲು ಅವಕಾಶ ಕೊಟ್ಟ ಮಾದರಿಯೊಂದನ್ನು ಅವರು ಬಿಟ್ಟುಹೋದರು. ದಿನದ 24 ಗಂಟೆಯೂ ಸುದ್ದಿ ಬಿತ್ತರಿಸುವ ಇಂದಿನ ವಾಹಿನಿಗಳ ಅಬ್ಬರದ ನಡುವೆ, ವಾರಕ್ಕೆ ಅರ್ಧ ಗಂಟೆಯಲ್ಲಿ ಅವರು ಸಾಧಿಸಿದ್ದೇನು ಎಂಬುದನ್ನು ನೆನೆಯುವುದು ಅಪ್ರಸ್ತುತವಾಗಲಾರದು.