ಕಲೂಗದ ಉಪಾಧ್ಯಾಯ

ಕೆಲವು ವರ್ಷಗಳಿಂದ ನನ್ನ ಕಿವಿ ಮಂದವಾಗುತ್ತ ಬಂದಿದೆ. ತರಗತಿಯಲ್ಲಿ ಹುಡುಗರು ನಕ್ಕದ್ದೇಕೆಂದು ತಿಳಿಯದೆ ನಿಂತ ಒಂದು ದಿನ, ಈ ವೃತ್ತಿಯನ್ನೇ ಬಿಟ್ಟುಬಿಡೋಣವೆನಿಸಿತು. ಆಗ ನನಗೆ ಆಸರೆಯಾಗಿ ಒದಗಿದ್ದು ರಷ್ಯಾದೇಶದ ಉಪಾಧ್ಯಾಯನೊಬ್ಬನ ಜೀವನ.

ಕಾನ್‌ಸ್ಟಂಟಿನ್ ತ್ಸಿಯೋಲ್ಕೋವ್‌ಸ್ಕಿ ಹುಟ್ಟಿದ್ದು 1857ರಲ್ಲಿ, ರ‍್ಯಾಜಾನ್ ಪ್ರಾಂತದ ಹಳ್ಳಿಯೊಂದರಲ್ಲಿ. ಹತ್ತನೆಯ ವಯಸ್ಸಿನ ಸುಮಾರಿಗೆ ಬಂದ ಜ್ವರವೊಂದು ಆತನ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಕೆಲಕಾಲದಲ್ಲಿ ತಾಯಿಯೂ ತೀರಿಕೊಂಡಳು, ಶಾಲೆಯೂ ತಪ್ಪಿತು. ಹದಿನಾರರ ಪ್ರಾಯದಲ್ಲಿ ಮಾಸ್ಕೋ ಸೇರಿ, ಕಪ್ಪು ರೊಟ್ಟಿಯಲ್ಲಿ ಹೊಟ್ಟೆ ಹೊರೆದು, ಗ್ರಂಥಾಲಯವನ್ನೇ ಗುರುಕುಲವಾಗಿಸಿಕೊಂಡು ಗಣಿತ, ಭೌತಶಾಸ್ತ್ರಗಳನ್ನು ಕಲಿತನು. ಬಳಿಕ ಬೊರೋವ್‌ಸ್ಕ್‌ನಲ್ಲಿಯೂ 1892ರಿಂದ ಕಲೂಗದಲ್ಲಿಯೂ ಉಪಾಧ್ಯಾಯನಾದನು. ಕೇಳಲು ತಾನೇ ಮಾಡಿಕೊಂಡ ತಗಡಿನ ಕೊಳವೆಯೇ ಆತನಿಗೆ ಆಧಾರ.

1889ರಲ್ಲಿ ಪ್ಯಾರಿಸಿನಲ್ಲಿ ಐಫೆಲ್ ಗೋಪುರ ಎದ್ದಿತ್ತು. ಅದರಿಂದ ಪ್ರೇರಿತನಾಗಿ 1895ರಲ್ಲಿ ಈತ ಆಕಾಶವನ್ನು ಮುಟ್ಟುವ ಗೋಪುರವೊಂದನ್ನು ಮನಸ್ಸಿನಲ್ಲಿ ಕಟ್ಟಿದನು. ಭೂಮಿಯ ಸಮಭಾಜಕದಿಂದ ಮೇಲೇರಿದಂತೆ ಭಾರ ಕುಗ್ಗುತ್ತ, ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಭೂಭ್ರಮಣದ ಬಲವೂ ಆಕರ್ಷಣೆಯೂ ಸಮತೂಗಿ ಭಾರವೇ ಇಲ್ಲವಾಗುವುದೆಂದು ಅದರ ತತ್ತ್ವ. 1903ರಲ್ಲಿ ರಾಕೆಟ್ಟಿನ ಗಣಿತವನ್ನು ಪ್ರಕಟಿಸಿದನು. ಅಂದು ಕಿವಿಗೊಟ್ಟವರು ವಿರಳ. 1935ರಲ್ಲಿ ಕಲೂಗದಲ್ಲಿಯೇ ತೀರಿಕೊಂಡನು.

1960ರಲ್ಲಿ ರಷ್ಯನ್ ಎಂಜಿನಿಯರ್ ಅರ್ತ್ಸುತನೋವ್, ಗೋಪುರದ ಬದಲು ಮೇಲಿನಿಂದ ಹುರಿಯೊಂದನ್ನು ಇಳಿಬಿಡಬಹುದೆಂದು ಸೂಚಿಸಿದನು. ಆ ಕನಸಿಗೆಂದೇ 2005ರಿಂದ ಅಮೆರಿಕೆಯ ನಾಸಾ ಸಂಸ್ಥೆಯ ಬೆಂಬಲದೊಡನೆ ಸ್ಪರ್ಧೆಗಳು ನಡೆದವು. ಒಂದು ಪಂದ್ಯ ಹುರಿ ಹತ್ತುವ ಯಂತ್ರಕ್ಕೆ. ಇನ್ನೊಂದು ಹುರಿಯ ಗಟ್ಟಿತನಕ್ಕೆ. 2009ರಲ್ಲಿ ಲೇಸರ್‌ಮೋಟಿವ್ ತಂಡದ ಯಂತ್ರ, ನೆಲದಿಂದ ಹಾಯಿಸಿದ ಲೇಸರ್ ಬೆಳಕಿನ ಶಕ್ತಿಯಿಂದ, ಹೆಲಿಕಾಪ್ಟರಿನಿಂದ ಇಳಿಬಿಟ್ಟ ಸುಮಾರು 900 ಮೀಟರು ಹುರಿಯನ್ನು ಹತ್ತಿ 9 ಲಕ್ಷ ಡಾಲರು ಗೆದ್ದಿತು. ಗಟ್ಟಿ ಹುರಿಯ ಬಹುಮಾನ ಮಾತ್ರ ಯಾರಿಗೂ ಸಲ್ಲಲಿಲ್ಲ.

ಮೂವತ್ತಾರು ಸಾವಿರದ ಮುಂದೆ ಒಂದು ಕಿಲೋಮೀಟರೂ ತುಂಬದ ಏರಿಕೆ! ಆದರೂ ಏರಲು ಹೊರಟವರು ಬಂದರಲ್ಲ. ಎದುರಿಗಿದ್ದ ಹುಡುಗರ ಮಾತು ಸರಿಯಾಗಿ ಕೇಳದಿದ್ದ ಉಪಾಧ್ಯಾಯನು, ತಾನು ಕಾಣಲಾರದ ಕಾಲದವರಿಗೂ ಪಾಠವೊಂದನ್ನು ಉಳಿಸಿಹೋದನು.

ಮಾರನೆಯ ದಿನ ನಾನು ತರಗತಿಗೆ ಹೋದೆ. ನನಗೆ ಕಿವಿ ಮಂದವೆಂದು ಹುಡುಗರಿಗೆ ಹೇಳಿ, ಪ್ರಶ್ನೆಗಳನ್ನು ಹತ್ತಿರ ಬಂದು ಗಟ್ಟಿಯಾಗಿ ಕೇಳಿರೆಂದೆ. ಅವರು ನಗಲಿಲ್ಲ, ಬಂದರು.