ಸಮತಟ್ಟು ಬಟ್ಟಲಿನ ಫ್ಯಾನಿ ಫಾರ್ಮರ್

ಬಾಸ್ಟನ್ ನಗರದ ಉತ್ತರಕ್ಕೆ ಸಮೀಪದಲ್ಲಿಯೇ ಮೆಡ್‌ಫರ್ಡ್ ಎಂಬ ಊರಿದೆ. ಅಮೆರಿಕಕ್ಕೆ ಬಂದ ಮೊದಲ ಚಳಿಗಾಲವನ್ನು ನಾನು ಕಳೆದದ್ದು ಅಲ್ಲಿಯ ಒಂದು ಬಾಡಿಗೆ ಮನೆಯಲ್ಲಿ. ಸಂಕ್ರಾಂತಿಗೆ ಏನಾದರೂ ಸಿಹಿ ಮಾಡಬೇಕೆಂದು ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಜ್ಜಪ್ಪ ಕರಿಯಲು ನಿಂತೆ. ಎರಡನೆಯ ಸಜ್ಜಪ್ಪ ಉಬ್ಬುವುದರೊಳಗೆ ಹೊಗೆಯ ಗಂಟೆ ಕಿರುಚತೊಡಗಿ, ಕಟ್ಟಡದ ಹನ್ನೆರಡು ಮನೆಯವರೂ ಹಿಮದಲ್ಲಿ ನಿಲ್ಲಬೇಕಾಯಿತು. ಮರುದಿನ ಎದುರುಮನೆಯ ವೃದ್ಧೆಯೊಬ್ಬರು ಬಂದು, ಒಲೆಯ ಕೆಳಗಿನ ಓವನ್ ಇರುವುದು ಪಾತ್ರೆ ತುಂಬಿಡಲಿಕ್ಕಲ್ಲ ಎಂದು ನಗುತ್ತ ಹೇಳಿ, ಬೆಣ್ಣೆಯ ಕಲೆಗಳಿದ್ದ ಒಂದು ದಪ್ಪ ಪುಸ್ತಕವನ್ನು ಕೈಗಿತ್ತರು. ಅದು ಅವರ ತಾಯಿಯದಂತೆ. ಮುಖಪುಟದಲ್ಲಿದ್ದ ಹೆಸರು ಫ್ಯಾನಿ ಮೆರಿಟ್ ಫಾರ್ಮರ್.

ಆ ಪುಸ್ತಕ ನೋಡಿ ಮಾಡಿದ ಮೊದಲ ಕೇಕು ಇಟ್ಟಿಗೆಯಾಯಿತು. ತಪ್ಪು ಪುಸ್ತಕದ್ದಲ್ಲ. ಒಂದು ಕಪ್ ಹಿಟ್ಟು ಎಂದು ಬರೆದಿದ್ದಲ್ಲಿ ನಾನು ಊರಿನಿಂದ ತಂದ ಸ್ಟೀಲ್ ಲೋಟವನ್ನು ಹಿಟ್ಟಿನ ಚೀಲಕ್ಕೆ ಅದ್ದಿ, ಒತ್ತಿ, ಗೋಪುರದಂತೆ ತುಂಬಿ ಸುರಿದಿದ್ದೆ. ಅಮ್ಮ ಹಾಗೆಯೇ ಅಳೆಯುತ್ತಿದ್ದುದನ್ನು ನೋಡಿದ್ದವನು ನಾನು. ಅಮ್ಮನ ಲೋಟದ ಹಿಂದೆ ಐವತ್ತು ವರ್ಷದ ಕಣ್ಣಳತೆ ಇತ್ತೆಂಬುದು ಆಗ ಹೊಳೆಯಲಿಲ್ಲ. ಕಪ್ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ನಾನು ಬಾಡಿಗೆಗಿದ್ದ ಊರಿನಲ್ಲಿಯೇ ಬೆಳೆದ, ಆ ಪ್ರಶ್ನೆಯನ್ನೇ ಬದುಕಿನ ಕೆಲಸವಾಗಿಸಿಕೊಂಡ ಹೆಂಗಸೊಬ್ಬಳ ಪರಿಚಯವಾಯಿತು.

ಫ್ಯಾನಿ ಹುಟ್ಟಿದ್ದು 1857ರ ಮಾರ್ಚ್ 23ರಂದು, ಬಾಸ್ಟನ್ನಿನಲ್ಲಿ. ತಂದೆ ಮುದ್ರಣದ ಕೆಲಸದವರು. ನಾಲ್ವರು ಹೆಣ್ಣುಮಕ್ಕಳಲ್ಲಿ ಈಕೆಯೇ ಹಿರಿಯಳು. ಹೆಣ್ಣುಮಕ್ಕಳಿಗೂ ಓದು ಬೇಕೆಂದು ನಂಬಿದ್ದ ಮನೆ ಅದು. ಫ್ಯಾನಿ ಕಾಲೇಜು ಸೇರುತ್ತಾಳೆಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಆದರೆ ಮೆಡ್‌ಫರ್ಡ್ ಹೈಸ್ಕೂಲಿನಲ್ಲಿದ್ದಾಗ, ಹದಿನಾರರ ವಯಸ್ಸಿನಲ್ಲಿ, ಆಕೆಗೆ ಪಾರ್ಶ್ವವಾಯು ಬಡಿಯಿತು. ಅದು ಪೋಲಿಯೊ ಇದ್ದಿರಬಹುದೆಂದು ಇಂದಿನವರ ಊಹೆ. ಓದು ಅಲ್ಲಿಗೇ ನಿಂತಿತು. ವರ್ಷಗಟ್ಟಲೆ ನಡೆಯಲಾಗದೆ ತಂದೆತಾಯಿಯರ ಮನೆಯಲ್ಲಿಯೇ ಉಳಿದಳು. ಮುಂದೆ ನಡಿಗೆ ಮರಳಿತಾದರೂ ಕುಂಟು ಶಾಶ್ವತವಾಗಿ ಉಳಿಯಿತು.

ಆ ಕಾಲದಲ್ಲಿ ಮದುವೆಯೂ ಇಲ್ಲದ, ಶಾಲೆಯೂ ಮುಗಿಯದ, ಕಾಲೂ ನೆಟ್ಟಗಿಲ್ಲದ ಹೆಣ್ಣಿಗೆ ಉಳಿದಿದ್ದ ದಾರಿ ಅಡುಗೆಮನೆ ಒಂದೇ. ಊಟ ವಸತಿಗೆ ಜನರನ್ನು ಇರಿಸಿಕೊಳ್ಳುತ್ತಿದ್ದ ತಾಯಿಯ ಮನೆಯಲ್ಲಿ ಆಕೆ ಅಡುಗೆ ಮಾಡಿದಳು. ಬಳಿಕ ಶಾ ಎಂಬವರ ಮನೆಯಲ್ಲಿ ಸಹಾಯಕಿಯಾಗಿ ದುಡಿದಳು. ಆ ಮನೆಯ ಪುಟ್ಟ ಹುಡುಗಿ, ಇಷ್ಟಿಷ್ಟು ಹಾಕು ಎಂದರೆ ಎಷ್ಟು ಎಂದು ಕೇಳಿದ್ದೇ ಫ್ಯಾನಿಯ ಅಳತೆಯ ಹುಚ್ಚಿಗೆ ಮೂಲವೆಂದು ಒಂದು ಕಥೆ ಪ್ರಚಲಿತವಾಗಿದೆ. ಕಥೆ ನಿಜವಿರಲಿ ಸುಳ್ಳಿರಲಿ, ಮಕ್ಕಳಿಗೆ ಅಡುಗೆ ಕಲಿಸಿದ ಯಾರೂ ಅದನ್ನು ಅಲ್ಲಗಳೆಯಲಾರರು.

ಮೂವತ್ತರ ಹೊತ್ತಿಗೆ, ಶಾ ಅವರ ಒತ್ತಾಯದಿಂದ, ಫ್ಯಾನಿ ಬಾಸ್ಟನ್ ಕುಕಿಂಗ್ ಸ್ಕೂಲಿಗೆ ಸೇರಿದಳು. 1879ರಲ್ಲಿ ಆರಂಭವಾಗಿದ್ದ ಆ ಶಾಲೆ ಅಡುಗೆಯನ್ನು ವಿಜ್ಞಾನದಂತೆ ಕಲಿಸುವ ಹಂಬಲವುಳ್ಳದ್ದು. 1889ರಲ್ಲಿ ತರಬೇತಿ ಮುಗಿಸಿದ ಆಕೆ ಅಲ್ಲಿಯೇ ಸಹಾಯಕಿಯಾಗಿ ನಿಂತು, 1891ರಲ್ಲಿ ಪ್ರಾಂಶುಪಾಲೆಯಾದಳು. ಮೂವತ್ತರಲ್ಲಿ ವಿದ್ಯಾರ್ಥಿನಿ, ಮೂವತ್ತನಾಲ್ಕರಲ್ಲಿ ಮುಖ್ಯಸ್ಥೆ! ಇಲ್ಲಿಗೆ ಬಂದು ವೀಸಾದ ಕಾರಣದಿಂದ ಕೆಲಸವಿಲ್ಲದೆ ವರ್ಷಗಳನ್ನು ಕಳೆದು, ಇನ್ನು ತಮ್ಮ ಕಾಲ ಮುಗಿಯಿತೆಂದು ಕುಗ್ಗುವ ನಮ್ಮ ಹೆಣ್ಣುಮಕ್ಕಳ ಮುಂದೆ ನಾನು ಈ ಎರಡು ಅಂಕಿಗಳನ್ನು ಹಲವು ಬಾರಿ ಹೇಳಿದ್ದೇನೆ.

ಆಗಿನ ಅಡುಗೆ ಪುಸ್ತಕಗಳಲ್ಲಿ ಮೊಟ್ಟೆಯ ಗಾತ್ರದ ಬೆಣ್ಣೆ, ಒಂದು ಟೀ ಬಟ್ಟಲು ಹಾಲು, ಉಬ್ಬಿದ ಚಮಚ, ಒಂದಿಷ್ಟು ಸಕ್ಕರೆ ಎಂಬಂಥ ಮಾತುಗಳೇ ತುಂಬಿರುತ್ತಿದ್ದವು. ನಮ್ಮ ಹಿಡಿ, ಬೊಗಸೆ, ಚಿಟಿಕೆಗಳ ಅಕ್ಕತಂಗಿಯರು ಅವು. ತಾಯಿಯ ಪಕ್ಕದಲ್ಲಿ ನಿಂತು ಕಲಿಯುವವರಿಗೆ ಅಷ್ಟು ಸಾಕು. ಆದರೆ ಬಾಸ್ಟನ್ನಿನಲ್ಲಿ ಆಗ ತಾಯಿಯನ್ನು ಹಳ್ಳಿಯಲ್ಲೋ ಸಮುದ್ರದಾಚೆಯಲ್ಲೋ ಬಿಟ್ಟು ಬಂದ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದರು. 1896ರಲ್ಲಿ ಫ್ಯಾನಿ ಬರೆದ ಬಾಸ್ಟನ್ ಕುಕಿಂಗ್ ಸ್ಕೂಲ್ ಕುಕ್ ಬುಕ್ ಇಂಥವರ ಕೈಗೆ ಸಿಕ್ಕಿತು. ಹಿಟ್ಟನ್ನು ಮೊದಲು ಜರಡಿ ಹಿಡಿಯಬೇಕು, ಚಮಚದಿಂದ ಬಟ್ಟಲಿಗೆ ಹಗುರವಾಗಿ ಹಾಕಬೇಕು, ಕುಲುಕಬಾರದು, ಒತ್ತಬಾರದು, ಚಾಕುವಿನ ಬೆನ್ನಿನಿಂದ ಮೇಲ್ಭಾಗವನ್ನು ಸವರಿ ಸಮತಟ್ಟು ಮಾಡಬೇಕು. ಬೆಣ್ಣೆಯನ್ನಾದರೋ ಗಟ್ಟಿಯಾಗಿ ಒತ್ತಿ ತುಂಬಬೇಕು. ಆಕೆಯ ಬೋಧನೆಯ ತಿರುಳು ಇಷ್ಟೇ. ಇಷ್ಟಕ್ಕೇ ಆಕೆಯನ್ನು ಸಮತಟ್ಟು ಅಳತೆಯ ತಾಯಿ ಎಂದು ಕರೆದರು.

ನ್ಯಾಯವಾಗಿ ಹೇಳಬೇಕೆಂದರೆ, ಅಳತೆಯ ಶಿಸ್ತನ್ನು ಆಕೆಯೊಬ್ಬಳೇ ಕಂಡುಹಿಡಿದಳೆನ್ನುವುದು ಸರಿಯಲ್ಲ. ಅದೇ ಶಾಲೆಯ ಮೊದಲ ಪ್ರಾಂಶುಪಾಲೆ ಮೇರಿ ಲಿಂಕನ್ 1884ರಲ್ಲಿಯೇ ತಮ್ಮ ಪುಸ್ತಕದಲ್ಲಿ ಅಳತೆಗಳನ್ನು ವಿವರಿಸಿದ್ದರು. ಲಿಂಕನ್ ಹೆಸರು ಮರೆತುಹೋದದ್ದು ನನಗೆ ಬೇಸರದ ಸಂಗತಿ. ಆದರೆ ಪ್ರತಿ ಪುಟದಲ್ಲಿ, ಪ್ರತಿ ತಿನಿಸಿಗೆ, ಹಟ ಬಿಡದೆ ಅದನ್ನು ಪಾಲಿಸಿ ಮನೆಮನೆಯ ರೂಢಿಯಾಗಿಸಿದ್ದು ಫ್ಯಾನಿ.

ಪ್ರಕಾಶಕರಾದ ಲಿಟಲ್, ಬ್ರೌನ್ ಸಂಸ್ಥೆಯವರಿಗೆ ಪುಸ್ತಕದ ಮೇಲೆ ನಂಬಿಕೆಯಿರಲಿಲ್ಲ. ಮೊದಲ ಮುದ್ರಣ ಕೇವಲ 3000 ಪ್ರತಿ. ಅದೂ ಲೇಖಕಿಯ ಖರ್ಚಿನಲ್ಲಿ. ಹಣ ತನ್ನದಾದ ಕಾರಣ ಹಕ್ಕೂ ಲಾಭವೂ ಆಕೆಯವೇ ಆದವು. 1800ಕ್ಕೂ ಹೆಚ್ಚು ಪಾಕವಿಧಾನಗಳಿದ್ದ ಆ ಪುಸ್ತಕ ಮುಂದೆ ಲಕ್ಷಾಂತರ ಪ್ರತಿಗಳಲ್ಲಿ ಮಾರಾಟವಾಯಿತು. ಇಂದು ನಮ್ಮ ಮಕ್ಕಳು ಬಾಯಿ ಚಪ್ಪರಿಸುವ ಬ್ರೌನಿಯೂ ಅದರಲ್ಲಿದೆ. 1896ರ ಬ್ರೌನಿ ಕಾಕಂಬಿ ಹಾಕಿದ ಪುಟ್ಟ ಕೇಕು, ಅದರಲ್ಲಿ ಚಾಕೊಲೇಟ್ ಇಲ್ಲ; ಚಾಕೊಲೇಟ್ ಬ್ರೌನಿ ಬಂದದ್ದು 1906ರ ಆವೃತ್ತಿಯಲ್ಲಿ. ಹೋಟೆಲುಗಳಲ್ಲಿ ರುಚಿಯಾದ ಸಾಸು ಸಿಕ್ಕರೆ ತನ್ನ ಪರಿಚಯಪತ್ರಕ್ಕೆ ತುಸು ಸವರಿಕೊಂಡು ಬಂದು ಅದರಲ್ಲೇನಿದೆಯೆಂದು ಪರೀಕ್ಷಿಸುತ್ತಿದ್ದಳಂತೆ!

1902ರಲ್ಲಿ ಶಾಲೆಯನ್ನು ಬಿಟ್ಟು ಫ್ಯಾನಿ ತನ್ನದೇ ಹೆಸರಿನ ಅಡುಗೆ ಶಾಲೆ ತೆರೆದಳು. ವೃತ್ತಿನಿರತ ಶಿಕ್ಷಕಿಯರಿಗಿಂತ ಗೃಹಿಣಿಯರಿಗೂ ದಾದಿಯರಿಗೂ ಕಲಿಸುವುದು ಆಕೆಗೆ ಮುಖ್ಯವಾಗಿತ್ತು. 1904ರಲ್ಲಿ ಬಂದ, ರೋಗಿಗಳ ಆಹಾರದ ಕುರಿತ ಪುಸ್ತಕವನ್ನೇ ಆಕೆ ತನ್ನ ಮುಖ್ಯ ಕೃತಿಯೆಂದು ಭಾವಿಸಿದ್ದಳು. ವರ್ಷಗಟ್ಟಲೆ ಹಾಸಿಗೆ ಹಿಡಿದವಳಿಗೆ, ತಟ್ಟೆಯಲ್ಲಿ ಬರುವ ತಣ್ಣನೆಯ ಗಂಜಿಯ ಮುಖ ಹೇಗಿರುತ್ತದೆಂದು ಹೇಳಿಕೊಡಬೇಕಾಗಿರಲಿಲ್ಲ. ಮಧುಮೇಹಿಗಳ ಆಹಾರಕ್ಕೂ ಆ ಪುಸ್ತಕದಲ್ಲಿ ಜಾಗವಿತ್ತು. ಇನ್ಸುಲಿನ್ ಬರಲು ಇನ್ನೂ ಹದಿನೇಳು ಹದಿನೆಂಟು ವರ್ಷಗಳಿದ್ದ ಕಾಲ ಅದು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿಯೂ ಆಕೆ ಉಪನ್ಯಾಸ ನೀಡಿದಳು. ಕಾಲೇಜಿನ ಮೆಟ್ಟಿಲು ಹತ್ತಲಾಗದವಳು ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದಳು.

ಕೊನೆಯ ಏಳು ವರ್ಷ ಆಕೆ ಗಾಲಿಕುರ್ಚಿಯಲ್ಲಿದ್ದಳು. ಕಾಲು ಮತ್ತೆ ಕೈಕೊಟ್ಟಿತ್ತು. ಆದರೂ ಬರೆಯುವುದನ್ನು, ಹೊಸ ಪಾಕ ಹುಡುಕುವುದನ್ನು, ಉಪನ್ಯಾಸ ನೀಡುವುದನ್ನು ನಿಲ್ಲಿಸಲಿಲ್ಲ. ಕೊನೆಯ ಉಪನ್ಯಾಸ ಸಾವಿಗೆ ಹತ್ತು ದಿನ ಮೊದಲು. 1915ರ ಜನವರಿಯಲ್ಲಿ, ಐವತ್ತೇಳರ ವಯಸ್ಸಿನಲ್ಲಿ, ತೀರಿಕೊಂಡಳು. ಕೇಂಬ್ರಿಜ್‌ನ ಮೌಂಟ್ ಆಬರ್ನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಸ್ಮಶಾನ ಎನ್ನುವುದಕ್ಕಿಂತ ಉದ್ಯಾನ ಎನ್ನಬೇಕಾದ ಜಾಗ ಅದು.

ನಾನು ಅಲ್ಲಿಗೆ ಹೋದದ್ದು ಎರಡು ವರ್ಷದ ಹಿಂದೆ, ಊರಿಗೆ ಹೊರಡುವ ಮುನ್ನಾದಿನ. ತೀರ್ಥಹಳ್ಳಿಯಲ್ಲಿ ಅಮ್ಮನಿಗೆ ಬಲಭಾಗಕ್ಕೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಸೀಮೆಎಣ್ಣೆ ಸ್ಟೌವಿನ ಮೇಲೆ ಮರಳು ತುಂಬಿದ ಅಲ್ಯೂಮಿನಿಯಂ ಪಾತ್ರೆಯನ್ನಿಟ್ಟು, ಅದರೊಳಗೆ ತಟ್ಟೆಯಿಟ್ಟು, ಮುಚ್ಚಳ ಮುಚ್ಚಿ ದೀಪಾವಳಿಗೆ ನಾನಕಟಾಯಿ ಬೇಯಿಸುತ್ತಿದ್ದವಳು ಅಮ್ಮ. ಅಳತೆ ಕೇಳಿದಾಗಲೆಲ್ಲ ಹದ ನೋಡಿ ಹಾಕಬೇಕು ಎನ್ನುತ್ತಿದ್ದಳು. ಮುಂದಿನ ಬಾರಿ ಬಂದಾಗ ತೂಕ ಮಾಡಿ ಬರೆದುಕೊಳ್ಳೋಣವೆಂದು ಹದಿನಾಲ್ಕು ಬಾರಿ ಹಿಂತಿರುಗಿದ್ದೇನೆ. ಹೊರದೇಶಕ್ಕೆ ಹೊರಟಿರುವ ಎಳೆಯರಿಗೆ ನನ್ನದೊಂದೇ ವಿನಂತಿ: ಕುಕ್ಕರು, ಮಸಾಲೆಪುಡಿಗಳು ಇಲ್ಲಿಯೂ ಸಿಗುತ್ತವೆ; ಹೊರಡುವ ಮೊದಲು ಒಂದು ಭಾನುವಾರ ಅಮ್ಮನ ಪಕ್ಕದಲ್ಲಿ ತಕ್ಕಡಿ ಹಿಡಿದು ನಿಲ್ಲಿ. ಇಲ್ಲಿಯ ಕಪ್ ಸುಮಾರು 237 ಮಿಲಿಲೀಟರ್. ಹಗುರವಾಗಿ ತುಂಬಿದ ಮೈದಾ ಅದರಲ್ಲಿ ಸುಮಾರು 120 ಗ್ರಾಂ, ನನ್ನಂತೆ ಒತ್ತಿ ತುಂಬಿದರೆ 150 ದಾಟುತ್ತದೆ. ಬೆಣ್ಣೆಯ ಒಂದು ಕಡ್ಡಿ ಎಂದರೆ ಅರ್ಧ ಕಪ್, 113 ಗ್ರಾಂ. ಓವನ್ನಿನ 350 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ನಮ್ಮ 175ರಿಂದ 180 ಡಿಗ್ರಿ ಸೆಲ್ಸಿಯಸ್.

ಊರಿಗೆ ಹೋಗುವಾಗ ಒಂದು ಜೊತೆ ಅಳತೆಯ ಬಟ್ಟಲುಗಳನ್ನು ಒಯ್ದಿದ್ದೆ. ಅಮ್ಮನ ಗಾಲಿಕುರ್ಚಿಯನ್ನು ಅಡುಗೆಮನೆಯ ಕಟ್ಟೆಗೆ ತಾಗಿಸಿ ನಿಲ್ಲಿಸಿ, ನನ್ನ ಊಹೆಯ ಅಳತೆಯಲ್ಲಿ ಶುರುಮಾಡಿದೆ: ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಸಕ್ಕರೆ, ಅರ್ಧ ಕಪ್ ತುಪ್ಪ, ಎರಡು ಚಮಚ ಚಿರೋಟಿ ರವೆ, ಏಲಕ್ಕಿ. ಹಿಟ್ಟಿನ ಬಟ್ಟಲನ್ನು ಚಾಕುವಿನಿಂದ ಸವರಿ, ಫ್ಯಾನಿ ಫಾರ್ಮರ್ ಮೆಚ್ಚುವಂತೆ ಸಮತಟ್ಟು ಮಾಡಿ ಸುರಿದೆ. ತುಪ್ಪ ಹಾಕಿ ಕಲಸಿದ ಮುದ್ದೆಯನ್ನು ಅಮ್ಮ ಎಡಗೈಯ ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದಳು. ಆಮೇಲೆ ಮೈದಾ ಡಬ್ಬಿಗೆ ಕೈಹಾಕಿ, ಒಂದು ಸಣ್ಣ ಹಿಡಿ ತೆಗೆದು ಮುದ್ದೆಯ ಮೇಲೆ ಉದುರಿಸಿದಳು. ನಾನು ತಕ್ಷಣ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟೆ. ಹದಿನೆಂಟು ಗ್ರಾಂ ಹೆಚ್ಚಾಗಿತ್ತು. ಅದನ್ನು ಎದುರುಮನೆಯವರು ಕೊಟ್ಟ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಬರೆದಿಟ್ಟಿದ್ದೇನೆ.