ಹಳೆಯ ಕಾರೊಂದು ಕಲಿಸಿದ ಪಾಠ: ಹೆನ್ರಿ ರಾಯ್ಸ್ ಬದುಕಿನ ಕಥೆ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಮೊದಲ ಕೆಲವು ದಿನ ನಿದ್ರೆ ಸರಿಯಾಗಿ ಬರುವುದಿಲ್ಲ. ಯಾವ ಸದ್ದು ಎಲ್ಲಿಂದ ಬರುತ್ತಿದೆ, ಹಿಂದಿನ ಮಾಲೀಕ ಯಾವುದನ್ನು ಮುಚ್ಚಿಟ್ಟ ಎಂಬ ಸಂಶಯ ಕಾಡುತ್ತಲೇ ಇರುತ್ತದೆ. ಸುಮಾರು 120 ವರ್ಷಗಳ ಹಿಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ನಲವತ್ತರ ಆಸುಪಾಸಿನ ಎಂಜಿನಿಯರನೊಬ್ಬ ಇಂಥದೇ ಸಂಕಟಕ್ಕೆ ಸಿಲುಕಿದ. ಆತ ಕೊಂಡದ್ದು ಡೆಕೋವಿಲ್ ಎಂಬ ಫ್ರೆಂಚ್ ಕಂಪನಿಯ ಬಳಸಿದ ಕಾರು. ಎರಡು ಸಿಲಿಂಡರ್, 10 ಅಶ್ವಶಕ್ತಿ, ತಲೆಯ ಮೇಲೆ ಚಾವಣಿ ಇಲ್ಲ. ಕಾರು ಸದ್ದು ಮಾಡುತ್ತಿತ್ತು, ನಡುಗುತ್ತಿತ್ತು, ಬೇಕೆಂದಾಗ ಚಾಲೂ ಆಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಮತ್ತೊಬ್ಬರಿಗೆ ದಾಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಹೆನ್ರಿ ರಾಯ್ಸ್ ಅದನ್ನು ಪೂರ್ತಿ ಬಿಚ್ಚಿ ಹಾಕಿದ.

ರೋಲ್ಸ್ ರಾಯ್ಸ್ ಎಂಬ ಜೋಡಿ ಹೆಸರಿನ ಎರಡನೆಯ ಅರ್ಧ ಈ ಮನುಷ್ಯನದು. ಸಿರಿವಂತಿಕೆಗೆ ಪರ್ಯಾಯ ಪದವಾಗಿ ಬಳಕೆಯಾಗುವ ಆ ಕಾರಿನ ಹಿಂದಿದ್ದವನು ಸಿರಿವಂತನಾಗಿ ಹುಟ್ಟಿದವನಲ್ಲ.

ರಾಯ್ಸ್ ಜನಿಸಿದ್ದು 1863ರ ಮಾರ್ಚ್ 27ರಂದು, ಪೀಟರ್‌ಬರೋ ಸಮೀಪದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐವರು ಮಕ್ಕಳಲ್ಲಿ ಆತನೇ ಕಿರಿಯವ. ತಂದೆ ಗುತ್ತಿಗೆಗೆ ಪಡೆದು ನಡೆಸುತ್ತಿದ್ದ ಹಿಟ್ಟಿನ ಗಿರಣಿ ನಷ್ಟಕ್ಕೆ ಸಿಲುಕಿತು. ಬದುಕು ಅರಸಿ ಲಂಡನ್ನಿಗೆ ಬಂದ ತಂದೆ 1872ರಲ್ಲಿ ತೀರಿಕೊಂಡಾಗ ಬಾಲಕನಿಗೆ ಒಂಬತ್ತು ವರ್ಷ. ಅಲ್ಲಿಂದಾಚೆಗೆ ಆತ ಪತ್ರಿಕೆ ಮಾರಿದ, ಸಿರಿವಂತರ ಬಡಾವಣೆ ಮೇಫೇರ್‌ನಲ್ಲಿ ತಂತಿ ಸಂದೇಶ ಹಂಚಿದ. ಶಾಲೆಯ ಮುಖ ಕಂಡದ್ದು ಬಹಳ ಕಡಿಮೆ. ಮುಂದೆ ತಾನು ತಯಾರಿಸಿದ ಕಾರುಗಳನ್ನು ಕೊಂಡವರಲ್ಲಿ ಅನೇಕರು ಇದೇ ಮೇಫೇರ್‌ನ ಜನ ಎಂಬುದು ಬಾಲಕನಿಗೆ ಆಗ ಹೊಳೆದಿರಲಾರದು.

1878ರಲ್ಲಿ ಚಿಕ್ಕಮ್ಮನೊಬ್ಬಳ ಹಣದ ನೆರವಿನಿಂದ ಪೀಟರ್‌ಬರೋದಲ್ಲಿದ್ದ ಗ್ರೇಟ್ ನಾರ್ದರ್ನ್ ರೈಲ್ವೆಯ ಕಾರ್ಯಾಗಾರಕ್ಕೆ ಅಪ್ರೆಂಟಿಸ್ ಆಗಿ ಸೇರಿದ. ಮೂರು ವರ್ಷಕ್ಕೆ ಆ ಹಣ ಬತ್ತಿತು, ತರಬೇತಿಯೂ ಅರ್ಧಕ್ಕೇ ನಿಂತಿತು. ಲೀಡ್ಸ್ ನಗರದಲ್ಲಿ ವಾರಕ್ಕೆ 11 ಶಿಲಿಂಗ್ ಕೂಲಿಗೆ ಉಪಕರಣ ತಯಾರಿಸುವ ಕೆಲಸ, ಆಮೇಲೆ ಲಂಡನ್ ಮತ್ತು ಲಿವರ್‌ಪೂಲ್‌ನಲ್ಲಿ ವಿದ್ಯುದ್ದೀಪ ಕಂಪನಿಗಳ ನೌಕರಿ. 1884ರಲ್ಲಿ ತನ್ನ 20 ಪೌಂಡ್ ಉಳಿತಾಯಕ್ಕೆ ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್‌ನ 50 ಪೌಂಡ್ ಸೇರಿಸಿಕೊಂಡು ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದ. ವಿದ್ಯುತ್ ಕರೆಗಂಟೆಯಿಂದ ಆರಂಭವಾದ ಉದ್ಯಮ ಡೈನಮೊ ಹಾಗೂ ವಿದ್ಯುತ್ ಕ್ರೇನುಗಳವರೆಗೆ ಬೆಳೆಯಿತು. ಊಟ, ನಿದ್ರೆಗಳ ಪರಿವೆಯಿಲ್ಲದೆ ದುಡಿಯುವ ರೂಢಿ ಆತನಿಗೆ ಅಂಟಿಕೊಂಡದ್ದು ಈ ವರ್ಷಗಳಲ್ಲಿ. ಹಾಲಿನ ಲೋಟ ಹಿಡಿದು ಒಬ್ಬ ಹುಡುಗ ಯಜಮಾನನ ಹಿಂದೆ ಕಾರ್ಖಾನೆ ಸುತ್ತುತ್ತಿದ್ದನೆಂದು ಆತನ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಈ ದುಡಿಮೆಯ ಬೆಲೆಯನ್ನು ರಾಯ್ಸ್ ಮುಂದೆ ಬಡ್ಡಿಸಮೇತ ತೆರಬೇಕಾಯಿತು.

ಬಿಚ್ಚಿದ ಕಾರು, ಕಟ್ಟಿದ ಕಾರು

ಹೊಸ ಶತಮಾನದ ಆರಂಭದಲ್ಲಿ ಜರ್ಮನಿ ಹಾಗೂ ಅಮೆರಿಕದ ಅಗ್ಗದ ಕ್ರೇನುಗಳು ಮಾರುಕಟ್ಟೆಗೆ ನುಗ್ಗಿದವು. ದರ ಇಳಿಸಿ, ಗುಣಮಟ್ಟ ಕೆಡಿಸಿ ಪೈಪೋಟಿ ನಡೆಸಲು ರಾಯ್ಸ್ ಒಪ್ಪಲಿಲ್ಲ. ವ್ಯಾಪಾರ ಕುಸಿಯಿತು, ಆರೋಗ್ಯವೂ ಹದಗೆಟ್ಟಿತು. ಡೆಕೋವಿಲ್ ಕುಕ್ ಸ್ಟ್ರೀಟ್‌ಗೆ ಬಂದದ್ದು ಈ ಬಿಕ್ಕಟ್ಟಿನ ದಿನಗಳಲ್ಲಿ.

ಡೆಕೋವಿಲ್ ಆ ಕಾಲಕ್ಕೆ ಕೆಟ್ಟ ಕಾರೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಿರಿದಾದ ರೈಲು ಹಳಿಗಳ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಕಂಪನಿಯ ಉತ್ಪನ್ನ ಅದು. ಅಂದಿನ ಉತ್ತಮ ಕಾರುಗಳ ಸಾಲಿನಲ್ಲೇ ನಿಲ್ಲುವಂಥದು. ಆದರೆ ಅಂದಿನ ಉತ್ತಮ ಕಾರು ಕೂಡ ದಾರಿಯಲ್ಲಿ ಕೈಕೊಡುತ್ತಿತ್ತು. ಕೊಂಡವರೂ ಅದನ್ನು ಸಹಜವೆಂದೇ ಭಾವಿಸಿದ್ದರು. ರಾಯ್ಸ್‌ಗೆ ಒಪ್ಪಿಗೆಯಾಗದಿದ್ದುದು ಈ ಭಾವನೆ. ಒಂದೊಂದೇ ಭಾಗವನ್ನು ಕಳಚಿ, ಅದು ಏಕೆ ಸವೆಯುತ್ತದೆ, ಏಕೆ ಸದ್ದು ಮಾಡುತ್ತದೆ ಎಂದು ಪರಿಶೀಲಿಸಿದ. ಎರಡು ಸಿಲಿಂಡರಿನ ವಿನ್ಯಾಸವನ್ನು ಉಳಿಸಿಕೊಂಡು ಬಿಡಿಭಾಗಗಳನ್ನು ತನ್ನ ಅಳತೆಗೆ ಹೊಸದಾಗಿ ಮಾಡಿಸಿದ. ಕಿಡಿ ಹೊತ್ತಿಸುವ ವಿದ್ಯುತ್ ವ್ಯವಸ್ಥೆ ಆತನ ಕಸುಬಿನದೇ ಆಗಿತ್ತು. ಕಾರ್ಬ್ಯುರೇಟರಿನ ಮೇಲೂ ವಿಶೇಷ ಶ್ರಮ ವಹಿಸಿದ. ಹೊಸ ಆವಿಷ್ಕಾರ ಎಂದು ಎತ್ತಿ ತೋರಿಸುವಂಥದು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಇದ್ದುದನ್ನೇ ಸರಿಯಾಗಿ ಮಾಡಿದ್ದ, ಅಷ್ಟೆ.

1904ರ ಏಪ್ರಿಲ್ 1ರಂದು ಮೊದಲ ರಾಯ್ಸ್ ಕಾರು ಕಾರ್ಖಾನೆಯ ಬಾಗಿಲು ದಾಟಿತು. ಒಟ್ಟು ಮೂರು ಕಾರುಗಳು ತಯಾರಾದವು. ಒಂದನ್ನು ಪಡೆದ ಹೆನ್ರಿ ಎಡ್ಮಂಡ್ಸ್ ಎಂಬ ನಿರ್ದೇಶಕ ಲಂಡನ್ನಿನ ಕಾರು ವ್ಯಾಪಾರಿ ಚಾರ್ಲ್ಸ್ ರೋಲ್ಸ್‌ಗೆ ವಿಷಯ ಮುಟ್ಟಿಸಿದ. ರೋಲ್ಸ್ ಶ್ರೀಮಂತ ಮನೆತನದವ, ಕೇಂಬ್ರಿಜ್‌ನಲ್ಲಿ ಓದಿದವ. ಅದೇ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲೆಂಡ್ ಹೋಟೆಲಿನಲ್ಲಿ ಇಬ್ಬರೂ ಭೇಟಿಯಾದರು. ರಾಯ್ಸ್ ಮಾಡುವ ಕಾರುಗಳನ್ನೆಲ್ಲ ರೋಲ್ಸ್ ಮಾರುವುದೆಂದು ಡಿಸೆಂಬರಿನಲ್ಲಿ ಕರಾರಾಯಿತು. 1906ರ ಮಾರ್ಚ್‌ನಲ್ಲಿ ಕಂಪನಿ ನೋಂದಣಿಯಾಯಿತು.

ಆರಂಭದ ಮಾದರಿಗಳೆಲ್ಲ ನಿರ್ದೋಷಿಗಳೆಂದು ತಿಳಿಯಬೇಕಿಲ್ಲ. ಆರು ಸಿಲಿಂಡರಿನ 30 ಅಶ್ವಶಕ್ತಿಯ ಕಾರಿನಲ್ಲಿ ಉದ್ದನೆಯ ಕ್ರ್ಯಾಂಕ್ ಶಾಫ್ಟ್ ಕಂಪಿಸಿ ತೊಂದರೆ ಕೊಟ್ಟಿತು. ಆ ತಪ್ಪಿನಿಂದಲೇ ಮುಂದಿನ 40/50 ಮಾದರಿ ರೂಪುಗೊಂಡಿತು. ಸಿಲಿಂಡರುಗಳನ್ನು ಮೂರು ಮೂರರ ಎರಡು ಗುಂಪಾಗಿಸಿ, ಶಾಫ್ಟನ್ನು ದಪ್ಪಗೊಳಿಸಿದ ಎಂಜಿನ್ ಅದು. 1906ರ ಲಂಡನ್ ಪ್ರದರ್ಶನದಲ್ಲಿ ಜನರ ಮುಂದೆ ಬಂದ ಈ ಮಾದರಿಯೇ ಮುಂದೆ ಸಿಲ್ವರ್ ಘೋಸ್ಟ್ ಎಂದು ಹೆಸರಾಯಿತು.

1907ರಲ್ಲಿ ಕಂಪನಿಯ ವ್ಯವಸ್ಥಾಪಕ ಕ್ಲಾಡ್ ಜಾನ್ಸನ್ ಬೆಳ್ಳಿ ಬಣ್ಣದ ತೆರೆದ ಕಾರೊಂದನ್ನು ರಾಯಲ್ ಆಟೊಮೊಬೈಲ್ ಕ್ಲಬ್ಬಿನ ನಿಗಾದಲ್ಲಿ ದೀರ್ಘ ಪರೀಕ್ಷೆಗೆ ಒಡ್ಡಿದ. ಲಂಡನ್ ಮತ್ತು ಗ್ಲಾಸ್ಗೊ ನಡುವೆ ಹಗಲಿರುಳು ಓಡಿದ ಕಾರು 14,371 ಮೈಲಿ, ಅಂದರೆ 23 ಸಾವಿರ ಕಿಲೊಮೀಟರಿಗೂ ಹೆಚ್ಚು ದೂರ ಕ್ರಮಿಸಿತು. ಅನಿರೀಕ್ಷಿತವಾಗಿ ನಿಂತದ್ದು ಒಮ್ಮೆ ಮಾತ್ರ. ಕುಲುಕಾಟಕ್ಕೆ ಪೆಟ್ರೋಲ್ ನಲ್ಲಿ ತಾನಾಗಿ ಮುಚ್ಚಿಕೊಂಡಿತ್ತು. ಬಳಿಕ ಕಾರನ್ನು ಪೂರ್ತಿ ಬಿಚ್ಚಿ ಸವೆದ ಭಾಗಗಳನ್ನು ಎಣಿಸಲಾಯಿತು. ಮತ್ತೆ ಹೊಸದರಂತಾಗಿಸಲು ತಗಲುವ ವೆಚ್ಚ 2 ಪೌಂಡ್, 2 ಶಿಲಿಂಗ್, 7 ಪೆನ್ಸ್ ಎಂದು ಲೆಕ್ಕ ಬಂತು. ಬಳಸಿದ ಕಾರನ್ನು ಬಿಚ್ಚಿ ನೋಡುವುದೇ ರಾಯ್ಸ್‌ನ ಆರಂಭವಾಗಿತ್ತು. ಈ ಬಾರಿ ಬಿಚ್ಚಿದ್ದು ಸ್ವಂತ ಕಾರನ್ನು. 1908ರಲ್ಲಿ ಅದು ಗ್ರಾಹಕರೊಬ್ಬರಿಗೆ ಮಾರಾಟವಾಗಿ, 1948ರಲ್ಲಿ ಕಂಪನಿಗೇ ಮರಳಿತು.

ಭಾರತಕ್ಕೂ ಈ ಕಾರಿನ ಖ್ಯಾತಿ ಬೇಗನೆ ತಲುಪಿತು. 1908ರಲ್ಲಿ ಬೊಂಬಾಯಿ-ಕೊಲ್ಲಾಪುರ ಸ್ಪರ್ಧೆಯಲ್ಲಿ ಪಶ್ಚಿಮ ಘಟ್ಟದ ಏರುಗಳನ್ನು ಹತ್ತಿ ಗೆದ್ದ 'ಪರ್ಲ್ ಆಫ್ ದಿ ಈಸ್ಟ್' ಎಂಬ ಕಾರು ಗ್ವಾಲಿಯರ್ ಮಹಾರಾಜರ ಪಾಲಾಯಿತು. ಮೈಸೂರು ಅರಮನೆಯೂ ಮುಂದೆ ಈ ಕಂಪನಿಯ ದೊಡ್ಡ ಗ್ರಾಹಕರಲ್ಲಿ ಒಂದಾಯಿತು.

ವರ್ಷ ನೋಡಿ ಕೊಳ್ಳುವವರು

ರಾಯ್ಸ್ ಕಾಲದ ತೆರೆದ ಕಾರುಗಳು ಇಂದಿಗೂ ಕೈ ಬದಲಾಯಿಸುತ್ತಿವೆ. ಕೊಳ್ಳುವವರು ಬಣ್ಣಕ್ಕಿಂತ ಮೊದಲು ವರ್ಷ ಕೇಳುತ್ತಾರೆ. ಅದಕ್ಕೆ ಕಾರಣ ರಾಯ್ಸ್‌ನ ಸ್ವಭಾವವೇ. ಒಂದು ಮಾದರಿ ಹೊರಬಂದ ಮೇಲೂ ಆತ ಅದನ್ನು ಕೈಬಿಡುತ್ತಿರಲಿಲ್ಲ. ಹೆಸರು ಒಂದೇ ಇದ್ದರೂ ಒಳಗಿನ ಯಂತ್ರ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿತ್ತು.

ಸಿಲ್ವರ್ ಘೋಸ್ಟ್‌ನ ಗೇರ್ ಬಾಕ್ಸನ್ನೇ ನೋಡಿ. ಮೊದಲು ನಾಲ್ಕಿದ್ದ ಗೇರುಗಳನ್ನು 1909ರಲ್ಲಿ ಮೂರಕ್ಕೆ ಇಳಿಸಲಾಯಿತು. 1912ರ ಆಲ್ಪ್ಸ್ ಪರ್ವತ ಸ್ಪರ್ಧೆಯಲ್ಲಿ ಆಸ್ಟ್ರಿಯಾದ ಕಾಟ್ಷ್‌ಬರ್ಗ್ ಘಟ್ಟ ಏರಲಾಗದೆ ಕಾರೊಂದು ನಿಂತಿತು; ಕುಳಿತವರು ಇಳಿದ ಮೇಲಷ್ಟೇ ಅದು ಮುಂದೆ ಸಾಗಿದ್ದು. ಅವಮಾನ ಸಹಿಸದ ಕಂಪನಿ ಮರುವರ್ಷವೇ ನಾಲ್ಕು ಗೇರಿನ ಕಾರುಗಳನ್ನು ಕಳುಹಿಸಿ ಅದೇ ಘಟ್ಟಗಳನ್ನು ಗೆದ್ದಿತು. ಹಾಗಾಗಿ 1912ರ ಕಾರಿಗೂ 1913ರ ನಂತರದ ಕಾರಿಗೂ ಏರುದಾರಿಯಲ್ಲಿ ಅಜಗಜಾಂತರ. 1919ರಿಂದ ವಿದ್ಯುತ್ ಸ್ಟಾರ್ಟರ್ ಬಂತು, 1924ರಲ್ಲಿ ನಾಲ್ಕೂ ಚಕ್ರಗಳಿಗೆ ಬ್ರೇಕು ಬಂತು. ಅದಕ್ಕೂ ಹಿಂದಿನ ಕಾರುಗಳಿಗೆ ಬ್ರೇಕು ಇದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ. ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಲು ಅಡ್ಡಿಯಿಲ್ಲ, ಇಂದಿನ ಸಂಚಾರದ ನಡುವೆ ಓಡಿಸುವವರಿಗೆ ಇದು ಜೀವದ ಪ್ರಶ್ನೆ.

1922ರಲ್ಲಿ ಬಂದ ಚಿಕ್ಕ ಮಾದರಿ 'ಟ್ವೆಂಟಿ'ಯದೂ ಇದೇ ಕಥೆ. ಆರಂಭದ ಕಾರುಗಳಿಗೆ ಮೂರೇ ಗೇರು. ನಾಲ್ಕು ಗೇರು ಮತ್ತು ನಾಲ್ಕು ಚಕ್ರದ ಬ್ರೇಕು ಬಂದದ್ದು 1925ರಲ್ಲಿ. ಓಡಿಸುವ ಆಸೆಯಿದ್ದವರು ಆ ನಂತರದ್ದನ್ನು ಹುಡುಕುವುದು ಲೇಸು. ಹೊಸದೆಲ್ಲ ಒಳ್ಳೆಯದೆಂಬ ಸೂತ್ರವೂ ನಡೆಯದು. 1925ರ ಫ್ಯಾಂಟಮ್ ಮಾದರಿಗೆ ಮೊದಲಿದ್ದ ಎರಕದ ಕಬ್ಬಿಣದ ಸಿಲಿಂಡರ್ ಹೆಡ್ ಬದಲು 1928ರಲ್ಲಿ ಅಲ್ಯೂಮಿನಿಯಂ ಹೆಡ್ ಅಳವಡಿಸಲಾಯಿತು. ತಂಪುನೀರಿನ ಸಂಪರ್ಕದಿಂದ ಅದು ಒಳಗೊಳಗೇ ಕೊರೆದುಹೋಗುವ ದೋಷ ಬೆಳಕಿಗೆ ಬಂತು. 1929ರ 20/25 ಮಾದರಿ ಕೊಳ್ಳುವವರು 1932ರ ನಂತರದ್ದಕ್ಕೆ ಒಲವು ತೋರಲು ಸಿಂಕ್ರೊಮೆಶ್ ಗೇರು ಕಾರಣ.

ಇನ್ನೊಂದು ಎಚ್ಚರಿಕೆ ಎಲ್ಲಕ್ಕೂ ದೊಡ್ಡದು. ರಾಯ್ಸ್ ಮಾಡುತ್ತಿದ್ದುದು ಎಂಜಿನ್ ಸಹಿತವಾದ ಚಾಸಿ ಮಾತ್ರ. ಮೇಲಿನ ಕವಚವನ್ನು ಬಾರ್ಕರ್, ಹೂಪರ್‌ನಂಥ ಬೇರೆ ಕಂಪನಿಗಳು ಗ್ರಾಹಕರ ಇಷ್ಟದಂತೆ ಕಟ್ಟುತ್ತಿದ್ದವು. ತೆರೆದ ಕಾರಿಗೆ ಬೇಡಿಕೆ ಹೆಚ್ಚಿದಂತೆ ಮುಚ್ಚಿದ ಕಾರುಗಳ ಕವಚ ಕಿತ್ತು ತೆರೆದ ಕವಚ ಕೂರಿಸಿದ ಉದಾಹರಣೆಗಳು ಬಹಳ. ಚಾಸಿಗೆ ನೂರು ವರ್ಷ, ಕವಚಕ್ಕೆ ಮೂವತ್ತು ಎಂಬ ಕಾರುಗಳೂ ಇವೆ. ಪ್ರತಿ ಚಾಸಿಗೂ ಸಂಖ್ಯೆಯಿದ್ದು, ಅದು ಯಾರಿಗೆ, ಯಾವ ಕವಚದೊಂದಿಗೆ ಹೋಯಿತೆಂಬ ಮೂಲ ದಾಖಲೆಗಳನ್ನು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಅಭಿಮಾನಿಗಳ ಕ್ಲಬ್ಬು ಕಾಪಾಡಿಕೊಂಡು ಬಂದಿದೆ. ಅದನ್ನು ನೋಡದೆ ಹಣ ಎಣಿಸುವುದು ಪಹಣಿ ನೋಡದೆ ಜಮೀನು ಕೊಂಡಂತೆ.

ದೂರದಿಂದ ನಡೆಸಿದ ಕಾರ್ಖಾನೆ

1908ರಲ್ಲಿ ಕಾರ್ಖಾನೆ ಡರ್ಬಿ ನಗರಕ್ಕೆ ಸ್ಥಳಾಂತರವಾಯಿತು. 1910ರ ಜುಲೈ 12ರಂದು ಬೋರ್ನ್‌ಮತ್ ವೈಮಾನಿಕ ಪ್ರದರ್ಶನದಲ್ಲಿ ವಿಮಾನ ಪತನಗೊಂಡು ರೋಲ್ಸ್ ಮೃತಪಟ್ಟ. ಆಗ ಆತನಿಗೆ ಕೇವಲ 32 ವರ್ಷ. ಮರುವರ್ಷ ರಾಯ್ಸ್ ಹಾಸಿಗೆ ಹಿಡಿದ. ವರ್ಷಗಟ್ಟಲೆ ಹೊಟ್ಟೆಗೆ ಸರಿಯಾಗಿ ತಿನ್ನದೆ ದುಡಿದ ದೇಹ ಬಾಗಿತ್ತು. 1912ರಲ್ಲಿ ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಹೆಚ್ಚು ದಿನದ ಭರವಸೆ ನೀಡಲಿಲ್ಲ. ಆತ ಇನ್ನೂ ಇಪ್ಪತ್ತು ವರ್ಷ ಬದುಕಿದ.

ಆದರೆ ಕಾರ್ಖಾನೆಯಿಂದ ದೂರವೇ ಉಳಿದ. ಚಳಿಗಾಲದಲ್ಲಿ ದಕ್ಷಿಣ ಫ್ರಾನ್ಸಿನ ಲ ಕನಡೆಲ್, ಉಳಿದಂತೆ ಇಂಗ್ಲೆಂಡಿನ ದಕ್ಷಿಣ ಕರಾವಳಿ. 1917ರಿಂದ ವೆಸ್ಟ್ ವಿಟರಿಂಗ್ ಎಂಬ ಹಳ್ಳಿ. ವಿನ್ಯಾಸಕಾರರ ಪುಟ್ಟ ತಂಡ ಆತನ ಸುತ್ತ ಇರುತ್ತಿತ್ತು, ನಕ್ಷೆಗಳು ಅಂಚೆಯಲ್ಲಿ ಡರ್ಬಿಗೆ ಹೋಗುತ್ತಿದ್ದವು. 1893ರಲ್ಲಿ ಮದುವೆಯಾಗಿದ್ದ ಮಿನ್ನಿ ಪಂಟ್ ಜತೆಗಿನ ಸಂಸಾರ ಮುರಿದು, ಎತೆಲ್ ಓಬಿನ್ ಎಂಬ ದಾದಿ ಕೊನೆಯವರೆಗೂ ಆರೈಕೆ ಮಾಡಿದಳು. ಯಂತ್ರದ ಒಂದು ಬೋಲ್ಟಿಗಾಗಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದವನು ಮನೆಯವರಿಗೆ ಎಷ್ಟು ಸಮಯ ಕೊಟ್ಟ ಎಂದು ಯಾರಾದರೂ ಕೇಳಿದರೆ ಉತ್ತರ ಹಿತವಾಗಿರದು.

ಮೊದಲ ಮಹಾಯುದ್ಧಕ್ಕೆ ಈಗಲ್ ವಿಮಾನ ಎಂಜಿನನ್ನು, ಶ್ನೈಡರ್ ಟ್ರೋಫಿ ವಿಮಾನ ಸ್ಪರ್ಧೆಗೆ 1929 ಮತ್ತು 1931ರಲ್ಲಿ ಗೆಲುವು ತಂದ 'ಆರ್' ಎಂಜಿನನ್ನು ರೂಪಿಸಿದ್ದು ಹೀಗೆ ದೂರದಿಂದಲೇ. ಸ್ಪಿಟ್‌ಫೈರ್ ವಿಮಾನಕ್ಕೆ ಶಕ್ತಿಯಾದ ಮರ್ಲಿನ್ ಎಂಜಿನಿನ ಕೆಲಸವೂ ಆತನ ಕೊನೆಯ ದಿನಗಳಲ್ಲಿ ಆರಂಭವಾಗಿತ್ತು. 1930ರಲ್ಲಿ ಬ್ಯಾರೊನೆಟ್ ಪದವಿ ಸಂದಿತು. ಪದವಿ ಬಂದ ಮೇಲೂ ತಾನೊಬ್ಬ ಮೆಕ್ಯಾನಿಕ್ ಎಂದೇ ಆತ ಹೇಳಿಕೊಳ್ಳುತ್ತಿದ್ದ.

1933ರ ಏಪ್ರಿಲ್ 22ರಂದು ವೆಸ್ಟ್ ವಿಟರಿಂಗ್‌ನ ಮನೆಯಲ್ಲಿ, ತನ್ನ 70ನೆಯ ವಯಸ್ಸಿನಲ್ಲಿ ರಾಯ್ಸ್ ಕೊನೆಯುಸಿರೆಳೆದ. ಸಾಯುವ ಮುನ್ನ ಹಾಸಿಗೆಯಲ್ಲೇ ಕುಳಿತು, ರಸ್ತೆಗೆ ತಕ್ಕಂತೆ ಬಿಗಿ ಹೊಂದಿಸಬಹುದಾದ ಶಾಕ್ ಅಬ್ಸಾರ್ಬರಿನ ಚಿತ್ರವೊಂದನ್ನು ಲಕೋಟೆಯ ಹಿಂಬದಿ ಗೀಚಿ, ಕಾರ್ಖಾನೆಗೆ ತಲುಪಿಸುವಂತೆ ದಾದಿಯ ಕೈಗಿತ್ತನೆಂದು ಜೀವನಚರಿತ್ರೆಗಳು ಹೇಳುತ್ತವೆ. ಚಿತಾಭಸ್ಮವನ್ನು ಕೆಲವು ವರ್ಷಗಳ ನಂತರ ಡರ್ಬಿಯಿಂದ ಆಲ್ವಾಲ್ಟನ್ನಿನ ಚರ್ಚಿಗೆ ತಂದು ಇರಿಸಲಾಯಿತು. ಗಿರಣಿ ನಡೆಸುತ್ತಿದ್ದ ತಂದೆಯ ಊರು ಅದು.